ಜೇಮ್ಸ್‌ಟೌನ್ ಉಳಿದದ್ದು ಯಾರ ಜೋಳದಿಂದ?

ಹಾಸನದ ಓದುಗರೊಬ್ಬರು ಬರೆದಿದ್ದಾರೆ: "1607ರಲ್ಲಿ ನೂರು ಚಿಲ್ಲರೆ ಇಂಗ್ಲಿಷರು ಅಮೆರಿಕದ ವರ್ಜೀನಿಯಾಕ್ಕೆ ಹೋಗಿ ಜೇಮ್ಸ್‌ಟೌನ್ ಕಟ್ಟಿದರು. ಹಸಿವು, ರೋಗ, ಬಾಣ ಎಲ್ಲವನ್ನೂ ತಡೆದುಕೊಂಡರು. ಆ ಛಲವನ್ನು ನಮ್ಮ ಹುಡುಗರು ಕಲಿಯಬೇಡವೇ? ನೀವೇಕೆ ಬರೆಯುವುದಿಲ್ಲ?"

ಉತ್ತರ: ಛಲ ಇತ್ತು, ಒಪ್ಪುತ್ತೇನೆ. 1609-10ರ ಚಳಿಗಾಲದಲ್ಲಿ ಅವರು ಕುದುರೆ, ನಾಯಿ, ಇಲಿ ತಿಂದರು. ಬೂಟಿನ ಚರ್ಮವನ್ನೂ ಬಿಡಲಿಲ್ಲ. 2012ರಲ್ಲಿ ಅಲ್ಲಿ ಅಗೆದಾಗ ಸುಮಾರು 14 ವರ್ಷದ ಹುಡುಗಿಯ ತಲೆಬುರುಡೆ ಸಿಕ್ಕಿತು. ಅದರ ಮೇಲೆ ಕತ್ತಿಯ ಗುರುತುಗಳು. ಸತ್ತ ಆ ಮಗುವನ್ನು ಹಸಿದವರು ತಿಂದಿದ್ದರು. ವಸಂತದ ಹೊತ್ತಿಗೆ ಕೋಟೆಯಲ್ಲಿ ಉಳಿದವರು ಸುಮಾರು 60 ಮಂದಿ. ಓದಿದರೆ ಕರುಳು ಕಿವುಚುತ್ತದೆ.

ಆದರೆ ಸ್ವಾಮಿ, ಅವರು ಹಸಿದದ್ದು ಯಾಕೆ ಅಂತ ಕೇಳಬೇಕಲ್ವಾ? ಮಳೆ ಕೈಕೊಟ್ಟಿತ್ತು, ನಿಜ. ಅಲ್ಲಿನ ಹಳೇ ಮರಗಳ ಉಂಗುರ ನೋಡಿದವರು 1606ರಿಂದ 1612ರವರೆಗೆ ಭಾರೀ ಬರ ಇತ್ತು ಎನ್ನುತ್ತಾರೆ. ಕೋಟೆ ಕಟ್ಟಿದ್ದು ಬೇಸಿಗೆಯಲ್ಲಿ ನೀರು ಉಪ್ಪಾಗುವ ಜಾಗದಲ್ಲಿ. ಬಂದವರಲ್ಲಿ ಉಳುವವರು ಕಡಿಮೆ, ದೊಡ್ಡ ಮನೆಯ ಗಂಡಸರು ಜಾಸ್ತಿ. ಅವರನ್ನು ಕಳಿಸಿ ಲಂಡನ್ನಿನಲ್ಲಿ ಕೂತ ವರ್ಜೀನಿಯಾ ಕಂಪನಿಗೆ ಚಿನ್ನ ಬೇಕಿತ್ತು. ವಲಸಿಗರ ಮುಖಂಡ ಕ್ಯಾಪ್ಟನ್ ಜಾನ್ ಸ್ಮಿತ್ 1608ರಲ್ಲಿ ಬೇಸತ್ತು ಬರೆದ: ಇಲ್ಲಿರುವಂಥ ಸಾವಿರ ಜನರಿಗಿಂತ ಬಡಗಿ, ರೈತ, ಮೀನುಗಾರ, ಕಮ್ಮಾರ ಅಂತ ಮೂವತ್ತು ಜನರನ್ನು ಕಳಿಸಿದರೆ ಸಾಕು.

ನನ್ನ ಮನಸ್ಸು ಮಿಡಿಯುವುದು ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ನರ ಹೆಂಗಸರಿಗಾಗಿ. ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಒಂದೇ ಹೊಲದಲ್ಲಿ ಬೆಳೆಯುತ್ತಿದ್ದವರು ಅವರು, ನಮ್ಮ ಅಕ್ಕಡಿ ಬೆಳೆಯ ಹಾಗೆ. 1607ರ ಶರತ್ಕಾಲಕ್ಕೆ ವಲಸಿಗರಲ್ಲಿ ಅರ್ಧದಷ್ಟು ಜನ ಸತ್ತಿದ್ದರು. ಉಳಿದವರ ಬಾಯಿಗೆ ಬಿದ್ದದ್ದು ಈ ಜೋಳ. ಬರ ಆ ಹೆಂಗಸರ ಹೊಲಕ್ಕೂ ಬಂದಿತ್ತು. ಆದರೂ ಇಂಗ್ಲಿಷರು ಕೇಳುತ್ತಲೇ ಇದ್ದರು, ಕೊಡದಿದ್ದಾಗ ಬಂದೂಕು ತೋರಿಸಿದರು. ಕೊನೆಗೆ ಪೌಹಾಟನ್ನರು ಕೋಟೆಯನ್ನು ಮುತ್ತಿದರು. 1610ರ ಆಗಸ್ಟಿನಲ್ಲಿ ಇಂಗ್ಲಿಷ್ ಮುಖಂಡ ಜಾರ್ಜ್ ಪರ್ಸಿಯ ದಂಡು ಪೌಹಾಟನ್ನರ ಪಾಸ್ಪಹೆಗ್ ಊರನ್ನು ಸುಟ್ಟು, ಪೈರು ಕಡಿದು, ನಾಯಕನ ಹೆಂಡತಿ ಮಕ್ಕಳನ್ನು ಹಿಡಿದು ಕೊಂದಿತು. ಇದನ್ನು ಪರ್ಸಿಯೇ ಬರೆದಿಟ್ಟಿದ್ದಾನೆ. ಜೋಳ ಬೆಳೆದು ಜೀವ ಉಳಿಸಿದವರ ಪೈರಿಗೆ ಕತ್ತಿ ಹಾಕಿದ್ದನ್ನು ಛಲ ಅನ್ನಲು ನನ್ನಿಂದ ಆಗದು.

ಇನ್ನೊಂದು ಮಾತು. ವರ್ಜೀನಿಯಾ ಕಂಪನಿಯ ಲೆಕ್ಕ ನೋಡಿಕೊಂಡ ಥಾಮಸ್ ಸ್ಮಿಥ್ ಅನ್ನುವವನೇ ಈಸ್ಟ್ ಇಂಡಿಯಾ ಕಂಪನಿಯ ಗವರ್ನರ್ ಕೂಡ ಆಗಿದ್ದ. ನಮ್ಮನ್ನು ಆಮೇಲೆ ಆಳಿದ್ದು ಅದೇ ಕಂಪನಿ. 1876-78ರ ಬರದಲ್ಲಿ ಮೈಸೂರು ಸೀಮೆಯಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಆಗ ಕಂಪನಿಯ ಆಳ್ವಿಕೆ ಮುಗಿದು, ಸೀಮೆ ಬ್ರಿಟಿಷ್ ಸರ್ಕಾರದ ಕಮಿಷನರ ಕೈಯಲ್ಲಿತ್ತು. ಜೇಮ್ಸ್‌ಟೌನಿನ ಹಸಿವಿನ ಕಥೆಯನ್ನು ಎಷ್ಟು ಭಾಷೆಯಲ್ಲಿ ಎಷ್ಟು ಸಲ ಹೇಳಿಲ್ಲ! ನಮ್ಮ ಆ ಹತ್ತು ಲಕ್ಷದ ಕಥೆಯನ್ನು ಹೇಳುವವರು ಎಲ್ಲಿದ್ದಾರೆ? ಹೊಲದಲ್ಲಿ ದುಡಿದು ಹಸಿವಿನಿಂದ ಸತ್ತವರ ಹೆಸರು ಯಾರ ನಾಲಿಗೆಯ ಮೇಲಿದೆ? ಇದು ನನಗೆ ಬಹಳ ಕಾಲದ ಸಂಕಟ.

ನೀವು ಚೆನ್ನಾಗಿ ಓದಿಕೊಂಡವರು ಅನ್ನುವುದು ಪತ್ರದಲ್ಲೇ ಗೊತ್ತಾಗುತ್ತದೆ. ನಿಮ್ಮ ಹಾಸನದ ಸುತ್ತ ಆ ಬರದ ಸುದ್ದಿಯನ್ನು ಹಿರಿಯರ ಬಾಯಲ್ಲಿ ಕೇಳಿದ ಮನೆಗಳು ಇರಬಹುದು. ಹೋಗಿ ಮಾತಾಡಿಸಿ, ಬರೆದು ಕಳಿಸಿ. ಪುಟ ನಾನು ಕೊಡುತ್ತೇನೆ.