ಸೇಂತ್-ಎಮಿಲಿಯೋನ್‌ಗೆ ಕಾರು ಬೇಡ, ರೈಲು ಹಿಡಿಯಿರಿ

ಗೆಳೆಯರೊಂದಿಗೆ ಫ್ರಾನ್ಸ್‌ನ ಬೋರ್ಡೋ ನಗರದಿಂದ ವೈನ್‌ಗೆ ಹೆಸರಾದ ಸೇಂತ್-ಎಮಿಲಿಯೋನ್ ಊರಿಗೆ ಒಂದೇ ದಿನದಲ್ಲಿ ಹೋಗಿಬರಲು ಕಾರು ಬೇಕೇ ಎಂದು ಕೇಳಿದ್ದೀರಿ. ಖಂಡಿತ ಬೇಡ. ಎಲ್ಲರೂ ವೈನ್ ಸವಿಯುವಾಗ ಒಬ್ಬರು ಮಾತ್ರ ಬಾಯಿ ಕಟ್ಟಿಕೊಂಡು ಸ್ಟೀರಿಂಗ್ ಹಿಡಿಯುವುದು ಅನ್ಯಾಯ. ರೈಲಿಗೆ ಮುಕ್ಕಾಲು ಗಂಟೆಯೂ ಹಿಡಿಯದು. ನಿಲ್ದಾಣದಿಂದ ಊರಿಗೆ ದ್ರಾಕ್ಷಿತೋಟಗಳ ನಡುವೆ ಹಾಯಾದ ನಡಿಗೆ. ಹಿಂದಿರುಗುವ ರೈಲಿನ ಸಮಯ ಮಾತ್ರ ಮೊದಲೇ ನೋಡಿಟ್ಟುಕೊಳ್ಳಿ.

ಒಂದೇ ಸುಣ್ಣಕಲ್ಲಿನ ಬಂಡೆಯನ್ನು ಕೊರೆದು ಮಾಡಿದ ಚರ್ಚನ್ನು ದಯವಿಟ್ಟು ತಪ್ಪಿಸಬೇಡಿ. ಒಳಗಿನ ದಪ್ಪ ಕಂಬಗಳೂ ಅದೇ ಬಂಡೆಯವು, ಮೇಲೆ 68 ಮೀಟರ್ ಎತ್ತರದ ಗಂಟೆಗೋಪುರ! ಮಾರ್ಗದರ್ಶಿಯೊಂದಿಗೆ ಮಾತ್ರ ಪ್ರವೇಶವಿರುವುದರಿಂದ ಪ್ರವಾಸಿ ಕಚೇರಿಯಲ್ಲಿ ಮುಂಗಡವಾಗಿ ಟಿಕೆಟ್ ಕಾಯ್ದಿರಿಸಿ. ವೈನ್ ತಯಾರಿಕಾ ಘಟಕಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ನೋಡಿ, ನಿಧಾನವಾಗಿ. ಇಲ್ಲಿ ಮೆರ್ಲೋ ಎಂಬ ಕೆಂಪು ವೈನಿನ ದ್ರಾಕ್ಷಿಯದೇ ಮೇಲುಗೈ. ಕಡಿದಾದ ಕಲ್ಲುಹಾಸಿನ ಓಣಿಗಳು ಮಳೆಗೆ ಜಾರುತ್ತವೆ, ಹಿಡಿತವಿರುವ ಬೂಟು ಹಾಕಿಕೊಳ್ಳಿ.