ಹಳ್ಳಿಯ ಸರ್ಕಾರಿ ಶಾಲೆಯ ಎಸ್‌ಡಿಎಂಸಿಗೆ ಈಗ ನಿಜವಾಗಿ ಏನು ಕೆಲಸ?

ತೀರ್ಥಹಳ್ಳಿ ಕಡೆಯ ಶಾಲೆಯೊಂದರ ಎಸ್‌ಡಿಎಂಸಿಗೆ ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ಹೊಸದಾಗಿ ಅಧ್ಯಕ್ಷರಾಗಿದ್ದೀರಿ. ಊರಿನ ಮಕ್ಕಳೆಲ್ಲ ಹಳದಿ ವ್ಯಾನ್ ಹತ್ತಿ ಪೇಟೆಯ ಕಾನ್ವೆಂಟಿಗೆ ಹೋಗುತ್ತಿರುವಾಗ ಸಮಿತಿ ಮಾಡುವುದಾದರೂ ಏನು ಎಂದು ಕೇಳಿದ್ದೀರಿ. ಹೊಸನಗರ ತಾಲ್ಲೂಕಿನ ಕಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಒಂದು ಅವಧಿ ಅದೇ ಕುರ್ಚಿಯಲ್ಲಿ ಕುಳಿತವಳು ನಾನು. ನನ್ನ ಮಾತು ಇಷ್ಟೇ: ಕಟ್ಟಡದ ಚಿಂತೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ಊರಿನ ಎಲ್ಲೆಯೊಳಗೆ ಇರುವ ಮಕ್ಕಳನ್ನು ಎಣಿಸಿ.

ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿಗಳು ಬಂದದ್ದು 2001ರಲ್ಲಿ. ಹೆಂಚು ಸೋರುತ್ತಿದ್ದ, ಕಾಂಪೌಂಡ್ ಇಲ್ಲದ ಶಾಲೆಗಳಲ್ಲಿ ಸಮಿತಿಯೆಂದರೆ ಕಟ್ಟಡ ಸಮಿತಿ ಎಂದಾಯಿತು. ದಾನಿಗಳನ್ನು ಹುಡುಕುವುದು, ಬಣ್ಣ ಹೊಡೆಸುವುದು, ಬೀರುವಿನ ಮೇಲೆ ದಾನಿಗಳ ಹೆಸರು ಬರೆಸುವುದು ಇಂದಿಗೂ ನಿಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಓದಿ ನೋಡಿ. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಅಭಿವೃದ್ಧಿ ಯೋಜನೆ ತಯಾರಿಸುವುದು, ಅನುದಾನ ಎಲ್ಲಿ ಖರ್ಚಾಯಿತು ಎಂದು ಕೇಳುವುದು ಅಲ್ಲಿ ಬರೆದಿರುವ ಮುಖ್ಯ ಕೆಲಸಗಳು. ಬಣ್ಣದ ಮಾತೇ ಇಲ್ಲ.

ಎಣಿಕೆ ಏಕೆಂದರೆ, ವ್ಯಾನ್ ಹತ್ತಿದ ಮಕ್ಕಳು ನಮಗೆ ಕಾಣುತ್ತಾರೆ. ಯಾವ ಶಾಲೆಗೂ ಹೋಗದ ಮಕ್ಕಳು ಕಾಣುವುದಿಲ್ಲ. ಅಡಿಕೆ ಕೊಯ್ಲಿಗೆ ಬಯಲುಸೀಮೆಯಿಂದ, ಈಚೆಗೆ ಅಸ್ಸಾಂ ಕಡೆಯಿಂದಲೂ ಸಂಸಾರ ಸಮೇತ ಕೆಲಸದವರು ಬರುತ್ತಾರೆ. ಒಂದು ವರ್ಷ ಸಮಿತಿಯ ನಾವು ನಾಲ್ಕು ಹೆಂಗಸರು ತೋಟದ ಬಿಡಾರಗಳಿಗೆ ಹೋದೆವು. ಎಂಟೊಂಬತ್ತು ವರ್ಷದ ಹುಡುಗಿಯೊಬ್ಬಳು ತಂಗಿಯನ್ನು ಸೊಂಟದ ಮೇಲಿಟ್ಟುಕೊಂಡು ಒಲೆಯ ಮೇಲಿನ ಅನ್ನ ನೋಡಿಕೊಳ್ಳುತ್ತಿದ್ದಳು. ಎಷ್ಟನೇ ಕ್ಲಾಸು ಎಂದರೆ ‘ಊರಲ್ಲಿ ಮೂರನೆಯದು’ ಎಂದಳು. ಆ ಊರಿನ ಹಾಜರಿ ಪುಸ್ತಕದಲ್ಲಿ ಅವಳು ಗೈರು; ನಮ್ಮ ಪುಸ್ತಕದಲ್ಲಿ ಅವಳು ಇಲ್ಲವೇ ಇಲ್ಲ.

ಕಾಗದಪತ್ರ ಇಲ್ಲ ಎಂಬ ಅಡ್ಡಿ ಮೊದಲು ಬಂದೇ ಬರುತ್ತದೆ. ವಯಸ್ಸಿನ ದಾಖಲೆ ಇಲ್ಲವೆಂದು ಪ್ರವೇಶ ನಿರಾಕರಿಸುವಂತಿಲ್ಲ ಎಂದು 14ನೇ ಸೆಕ್ಷನ್ ಹೇಳುತ್ತದೆ. ಟಿಸಿ ತಡವಾಗುವುದೂ ನೆಪವಾಗಬಾರದು ಎಂದು 5ನೇ ಸೆಕ್ಷನ್. ಇವೆರಡನ್ನೂ ನಡಾವಳಿ ಪುಸ್ತಕದಲ್ಲಿ ಬರೆದು ನಿರ್ಣಯ ಮಾಡಿ. ಒಂಟಿಯಾಗಿ ನಿರ್ಧರಿಸಲು ಹಿಂಜರಿಯುವ ಮುಖ್ಯ ಶಿಕ್ಷಕರಿಗೂ ಆ ನಿರ್ಣಯ ಬೆನ್ನಿಗೆ ಆಸರೆ. ಆದರೆ ಆ ಹುಡುಗಿಯನ್ನು ಶಾಲೆಗೆ ತಂದದ್ದು ಕಾಯ್ದೆಯಲ್ಲ, ಪಕ್ಕದ ಅಂಗನವಾಡಿ. ಮೂರು ತುಂಬಿದ್ದ ತಂಗಿಯನ್ನು ಅಲ್ಲಿಗೆ ಸೇರಿಸಿದ ಮೇಲೆ ಅಕ್ಕನಿಗೆ ಪುರುಸೊತ್ತಾಯಿತು. ತೋಟದ ಯಜಮಾನರಿಗೆ ಒಂದು ಮಾತು ಹೇಳಿಡುವುದೂ ಸಮಿತಿಯ ಕೆಲಸವೇ. ಮೇಷ್ಟರು ಹೇಳಿದರೆ ತಲೆಯಾಡಿಸುತ್ತಾರೆ, ಊರವರೇ ಹೇಳಿದರೆ ಕೇಳುತ್ತಾರೆ.

ದಾಖಲಾತಿಯ ಮೇಲೆಯೇ ಉಳಿದದ್ದೆಲ್ಲ ನಿಂತಿದೆ. ಸಮಗ್ರ ಶಿಕ್ಷಣ ಎಂಬ ಸರ್ಕಾರಿ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆ ನೋಡಿಯೇ ಬರುತ್ತದೆ. ಶಿಕ್ಷಕರ ವಿಷಯದಲ್ಲಿ ಮಾತ್ರ ಹೆದರಬೇಡಿ: ಕಾಯ್ದೆಯ ಅನುಸೂಚಿಯಂತೆ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೂ ಇಬ್ಬರು ಶಿಕ್ಷಕರು ಇರಬೇಕು. ಒಬ್ಬರೇ ಇದ್ದರೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮನವಿ ಕೊಡಿ, ಸ್ವೀಕೃತಿ ಪಡೆಯಿರಿ. 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳೊಳಗೆ ಇತ್ಯರ್ಥವಾಗಬೇಕು. ಬಾಯಿಮಾತಿನ ದೂರಿಗೆ ಇನ್ನೊಂದು ಲೋಟ ಚಹಾ ಸಿಗುತ್ತದೆ, ಅಷ್ಟೇ.

ವ್ಯಾನ್ ಹತ್ತಿದವರ ಬಗ್ಗೆ ಗೊಣಗಿ ಪ್ರಯೋಜನವಿಲ್ಲ. ಇಂಗ್ಲಿಷ್ ಬೇಕೆನ್ನುವ ತಾಯಿತಂದೆಯರನ್ನು ಹಂಗಿಸುವ ಹಕ್ಕು ನಮಗಿಲ್ಲ. ನಮ್ಮ ಸಮಿತಿಯ ಕೆಲವರ ಮಕ್ಕಳೇ ಮೊದಲು ಅದೇ ವ್ಯಾನಿನಲ್ಲಿದ್ದರು. ಚಟುವಟಿಕೆಯಿಂದ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯವರು ಒಟ್ಟಿಗೆ ಕುಳಿತಿರುವುದನ್ನು ಕಿಟಕಿಯಿಂದ ನೋಡಿ ‘ಇಲ್ಲಿ ಪಾಠವೇ ಇಲ್ಲ’ ಎಂದು ಹೋದವರೂ ಇದ್ದಾರೆ. ಅಂಥವರನ್ನು ಒಂದು ದಿನ ತರಗತಿಯೊಳಗೆ ಕೂರಿಸಿ. ಐದನೆಯ ತರಗತಿಯವರಿಂದ ಅವರೆದುರೇ ಒಂದು ಪುಟ ಓದಿಸಿ. ಮಕ್ಕಳು ತಡವರಿಸಿದರೆ ಮುಂದಿನ ಸಭೆಯ ವಿಷಯ ಅದೇ ಆಗಲಿ.

ಇನ್ನು ಸದಸ್ಯರು. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟು ಅರ್ಧದಷ್ಟು ಮಹಿಳೆಯರು ಇರಬೇಕು. ಕಾಗದದ ಮೇಲೆ ಇರುತ್ತಾರೆ. ಸಭೆಗೆ ಬರುವವರು ಗಂಡಂದಿರು, ಪುಸ್ತಕ ಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ನಾನು ಆ ಪದ್ಧತಿ ನಿಲ್ಲಿಸಿ, ಸಭೆಯನ್ನು ಡೈರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಬದಲಾಯಿಸಿದೆ. ಬಿಸಿಯೂಟದ ಬೇಳೆ ನೀರಾಗಿದೆ ಎಂಬ ಮಾತು ಆಗಲೇ ಮೊದಲ ಸಲ ನಡಾವಳಿಗೆ ಬಂದದ್ದು. ಗಂಡಸರ ಸಭೆಯಲ್ಲಿ ಬೇಳೆ ಯಾವಾಗಲೂ ಗಟ್ಟಿಯಾಗಿತ್ತು!

ಮಳೆಗಾಲಕ್ಕೆ ಮುಂಚೆ ಮಕ್ಕಳು ಬರುವ ದಾರಿಯಲ್ಲಿ ಒಮ್ಮೆ ನಡೆದು, ಹಳ್ಳ ದಾಟುವ ಕಾಲುಸಂಕಗಳ ಸ್ಥಿತಿ ನೋಡಿ ಪಂಚಾಯಿತಿಗೆ ಬರೆಯಿರಿ.

ಶಾಲಾ ಅಭಿವೃದ್ಧಿ ಯೋಜನೆ ಮೂರು ವರ್ಷದ್ದು. ಕೇಂದ್ರದ ಮಾದರಿ ನಿಯಮದ ಪ್ರಕಾರ, ಸಮಿತಿ ರಚನೆಯಾದ ಆರ್ಥಿಕ ವರ್ಷ ಮುಗಿಯುವುದಕ್ಕೆ ಕನಿಷ್ಠ ಮೂರು ತಿಂಗಳ ಮೊದಲು, ಅಂದರೆ ಡಿಸೆಂಬರ್ ಕೊನೆಯೊಳಗೆ, ಅದು ಸಿದ್ಧವಾಗಬೇಕು. ಆ ಹೊತ್ತಿಗೆ ಊರೆಲ್ಲ ಅಡಿಕೆ ಸುಲಿಯುತ್ತಿರುತ್ತದೆ, ಕೋರಂ ಸಿಗುವುದಿಲ್ಲ. ದೀಪಾವಳಿಗೆ ಮುಂಚೆ ಬರೆದು ಮುಗಿಸಿ. ಕೊಯ್ಲು ಶುರುವಾದ ಮೇಲೆ ಬಿಡಾರಗಳ ಎಣಿಕೆಯನ್ನು ಮಾತ್ರ ಮತ್ತೆ ಸೇರಿಸಿಕೊಳ್ಳಿ.