ಸ್ವಿಟ್ಜರ್ಲೆಂಡಿನ ಬ್ರಿಯೆಂಟ್ಸ್‌ನಲ್ಲಿ ಉಗಿ ರೈಲು, ಉಗಿ ಹಡಗು ಎರಡೂ ಒಂದೇ ದಿನ ಆಗುತ್ತಾ?

ಆಗುತ್ತದೆ, ಆರಾಮಾಗಿ. ಹತ್ತಿರದ ಊರು ಇಂಟರ್‌ಲಾಕೆನ್‌ನಲ್ಲಿ ಉಳಿಯುತ್ತೀರಿ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ಜಾಸ್ತಿ ನಡೆಯೋಕೆ ಆಗಲ್ಲ ಅಂತ ಬರೆದಿದ್ದೀರಿ. ಅಂಥವರಿಗೆ ಇದಕ್ಕಿಂತ ಒಳ್ಳೆ ದಿನ ನನಗೆ ಹೊಳೆಯುತ್ತಿಲ್ಲ. ಒಂದೇ ಮಾತು ನೆನಪಿಡಿ: ಬೆಳಗ್ಗೆ ಉಗಿ ರೈಲಿನಲ್ಲಿ ಬೆಟ್ಟ, ಮಧ್ಯಾಹ್ನ ಹಡಗಿನಲ್ಲಿ ಸರೋವರ.

ನಾನು ಮೊದಲ ಸಲ ಇದನ್ನು ಉಲ್ಟಾ ಮಾಡಿದ್ದೆ. ಬೆಳಗ್ಗೆ ಹಡಗಿನಲ್ಲಿ ಹೋಗಿ, ಊಟ ಮಾಡಿ, ಆಮೇಲೆ ರೈಲು ಹತ್ತಿದೆ. ಒಂದು ಗಂಟೆ ಹತ್ತಿ ಮೇಲೆ ಇಳಿದರೆ ಎಲ್ಲಾ ಕಡೆ ಮೋಡ, ನಾಲ್ಕು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ತುಂಬಾ ಬೇಜಾರಾಯಿತು. ಬೇಸಿಗೆಯಲ್ಲಿ ಬಿಸಿಲು ಏರಿದ ಹಾಗೆ ಬೆಟ್ಟದ ತಲೆಗೆ ಮೋಡ ಕಟ್ಟುವುದು ಅಲ್ಲಿ ಸಾಮಾನ್ಯ. ಎರಡನೇ ಸಲ ಬೆಳಗಿನ ಗಾಡಿಗೇ ಹೋದೆ. ಐಗರ್, ಮೋಂಕ್, ಯುಂಗ್‌ಫ್ರಾವ್ ಮೂರೂ ಹಿಮಶಿಖರಗಳು ಸಾಲಾಗಿ ನಿಂತಿದ್ದವು, ಕೆಳಗೆ ಇಡೀ ಸರೋವರ!

ಇಂಟರ್‌ಲಾಕೆನ್ ಓಸ್ಟ್ ಸ್ಟೇಷನ್ನಿನಿಂದ ಮಾಮೂಲಿ ರೈಲಿನಲ್ಲಿ ಬ್ರಿಯೆಂಟ್ಸ್‌ಗೆ ಸುಮಾರು 20 ನಿಮಿಷ. ಇಳಿದರೆ ಎದುರಿಗೇ ರೋಟ್‌ಹಾರ್ನ್ ಬೆಟ್ಟಕ್ಕೆ ಹೋಗುವ ಉಗಿ ರೈಲಿನ ಸ್ಟೇಷನ್, ಪಕ್ಕದಲ್ಲೇ ಹಡಗುಕಟ್ಟೆ. ನಡೆಯುವ ಕಷ್ಟವೇ ಇಲ್ಲ.

ಈ ರೈಲು ಶುರುವಾಗಿದ್ದು 1892ರಲ್ಲಿ. ಇವತ್ತಿಗೂ ಇದಕ್ಕೆ ಕರೆಂಟ್ ಲೈನ್ ಹಾಕಿಲ್ಲ. 7.6 ಕಿಲೋಮೀಟರ್‌ನಲ್ಲಿ 566 ಮೀಟರ್‌ನಿಂದ 2244 ಮೀಟರ್ ಎತ್ತರಕ್ಕೆ ಹೋಗುತ್ತದೆ, ತುಂಬಾ ಕಡಿದಾದ ಕಡೆ ನಾಲ್ಕು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ಬರೀ ನುಣುಪು ಹಳಿ ಆದರೆ ಚಕ್ರ ಜಾರುತ್ತದೆ ಅಲ್ವಾ, ಅದಕ್ಕೇ ನಡುವೆ ಹಲ್ಲಿರುವ ಪಟ್ಟಿ ಹಾಕಿದ್ದಾರೆ, ಇಂಜಿನ್ನಿನ ಹಲ್ಲಿನ ಚಕ್ರ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಹೊರಡುವ ಮುಂಚೆ ಇಂಜಿನ್ ಹತ್ತಿರ ಹೋಗಿ ನೋಡಿ. ಸಮತಟ್ಟು ಜಾಗದಲ್ಲಿ ಅದು ಮೂತಿ ಕೆಳಗೆ ಮಾಡಿ ನಿಂತಿರುತ್ತದೆ. ಬಾಯ್ಲರನ್ನು ಬೇಕಂತಲೇ ಓರೆಯಾಗಿ ಕೂರಿಸಿದ್ದಾರೆ, ಏರಿನಲ್ಲಿ ಒಳಗಿನ ನೀರು ಸಮನಾಗಿರಲಿ ಅಂತ. ನೀರು ಒಂದು ಕಡೆ ಸರಿದು ಬೆಂಕಿಗೂಡಿನ ಮೇಲಿನ ತಗಡು ಬರಿದಾದರೆ ಅಪಾಯ. ಇನ್ನೊಂದು, ಇಂಜಿನ್ ಡಬ್ಬಿಗಳನ್ನು ಎಳೆಯುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ಇಳಿಯುವಾಗ ಮುಂದೆ ನಿಂತು ತಡೆಹಿಡಿಯುತ್ತದೆ.

ಹಳೆಯ ಇಂಜಿನ್‌ಗಳು ಕಲ್ಲಿದ್ದಲಿನವು, 1990ರ ದಶಕದಲ್ಲಿ ಕಟ್ಟಿದವು ಎಣ್ಣೆ ಉರಿಸುತ್ತವೆ. ಡೀಸೆಲ್ ಇಂಜಿನ್ ಹಾಕುವುದೂ ಉಂಟು, ಹಾಗಾಗಿ ಟಿಕೆಟ್ ತೆಗೆದುಕೊಳ್ಳುವಾಗ ಉಗಿ ಗಾಡಿಯೇ ಅಂತ ಕೇಳಿಕೊಳ್ಳಿ. ಮಧ್ಯದ ಪ್ಲಾನಾಲ್ಪ್ ಸ್ಟೇಷನ್ನಿನಲ್ಲಿ ಇಂಜಿನ್ನಿಗೆ ನೀರು ತುಂಬಿಸುತ್ತಾರೆ. ಜುಲೈ ಆದರೂ ಅಪ್ಪ ಅಮ್ಮನಿಗೆ ಸ್ವೆಟರ್ ಇರಲಿ, ಮೇಲೆ ಗಾಳಿ ಚಳಿ.

ಇಳಿದು ಬಂದ ಮೇಲೆ ಹಡಗು. ಇಂಟರ್‌ಲಾಕೆನ್‌ಗೆ ಒಂದೂಕಾಲು ಗಂಟೆ ಹಿಡಿಯುತ್ತದೆ. ರೈಲಿನಲ್ಲಿ 20 ನಿಮಿಷಕ್ಕೆ ಹೋಗಬಹುದಲ್ಲ ಅಂತ ಮಾತ್ರ ಯೋಚಿಸಬೇಡಿ. ಎಲ್ಲಾ ಟ್ರಿಪ್‌ಗೂ ಉಗಿ ಹಡಗು ಇರುವುದಿಲ್ಲ. ಟೈಮ್‌ಟೇಬಲ್‌ನಲ್ಲಿ 'ಲೋಚ್‌ಬರ್ಗ್' (Lötschberg) ಎಂಬ ಉಗಿ ಹಡಗು ಯಾವ ಹೊತ್ತಿಗೆ ಅಂತ ಹುಡುಕಿ. 1914ರ ಹಡಗು, ಪಕ್ಕದಲ್ಲಿ ದೊಡ್ಡ ಚಕ್ರಗಳು ನೀರು ಒದೆಯುತ್ತಾ ಹೋಗುತ್ತದೆ. ನಡುವೆ ಇಂಜಿನ್ ಕೆಲಸ ಮಾಡುವುದು ಮೇಲಿಂದ ಕಾಣುತ್ತದೆ, ಉಕ್ಕಿನ ತೋಳುಗಳು ಸದ್ದಿಲ್ಲದೆ ಹೋಗಿ ಬರುತ್ತಿರುತ್ತವೆ, ನಾನು ಅಲ್ಲೇ ಅರ್ಧ ಗಂಟೆ ಸುಮ್ನೆ ನಿಂತಿದ್ದೆ. ನೀರಿನ ಆ ಹಸಿರುನೀಲಿ ಫೋಟೋದಲ್ಲಿ ಹೆಚ್ಚಿಸಿದ್ದಲ್ಲ. ಹಿಮನದಿಗಳು ಅರೆದ ಬಂಡೆಯ ನುಣ್ಣನೆ ಪುಡಿ ನೀರಿನಲ್ಲಿ ತೇಲುವುದರಿಂದ ಆ ಬಣ್ಣ.

ಸಮಯ ಇದ್ದರೆ ದಾರಿಯಲ್ಲಿ ಗೀಸ್‌ಬಾಖ್‌ನಲ್ಲಿ ಇಳಿಯಿರಿ. ಕಟ್ಟೆಯಿಂದ ಜಲಪಾತದ ಕಡೆಗೆ 1879ರ ಪುಟ್ಟ ಹಗ್ಗದ ರೈಲು ಏರುತ್ತದೆ, ಅಪ್ಪ ಅಮ್ಮ ಮೆಟ್ಟಿಲು ಹತ್ತಬೇಕಿಲ್ಲ. ಆದರೆ ಮುಂದಿನ ಹಡಗು ಎಷ್ಟು ಹೊತ್ತಿಗೆ ಅಂತ ಮೊದಲೇ ನೋಡಿಟ್ಟುಕೊಳ್ಳಿ.

ಪ್ರವಾಸಿಗರಿಗೆ ಕೊಡುವ ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಹಡಗಿಗೆ ಬೇರೆ ಟಿಕೆಟ್ ಬೇಡ, ಬೆಟ್ಟದ ರೈಲಿಗೆ ಬೇಕು. ಆ ರೈಲು ಸುಮಾರು ಜೂನ್‌ನಿಂದ ಅಕ್ಟೋಬರ್‌ವರೆಗೆ ಮಾತ್ರ ಓಡುತ್ತದೆ. ಎರಡು ದಿನ ಕೈಯಲ್ಲಿದ್ದರೆ ಟಿಕೆಟ್‌ಗೆ ಅವಸರ ಬೇಡ, ಬೆಳಗ್ಗೆ ಎದ್ದು ಶಿಖರದ ವೆಬ್‌ಕ್ಯಾಮ್ ನೋಡಿ, ಆಕಾಶ ತಿಳಿಯಾಗಿದ್ದರೆ ಹೊರಡಿ.